ಹಳೆ ರೈಫಲ್‌ನ ಟ್ರಿಗರ್ ಬಿಗಿಯಾಗಿದೆಯೇ? ಅರ ಹಿಡಿಯುವ ಮುನ್ನ ಇದನ್ನು ಓದಿ

‘ಟ್ರಿಗರ್ ಬಿಗಿಯಾಗಿದ್ದರೆ ಒಳಗಿನ ಕೊಕ್ಕೆಗೆ ನಾಲ್ಕು ಸಲ ಅರ ಹಾಕಿ, ಎರಡು ಹನಿ ಎಣ್ಣೆ ಬಿಡಿ. ಬೆಣ್ಣೆಯಂತೆ ಆಗುತ್ತದೆ.’

ಹಳೆಯ ಬೇಟೆ ರೈಫಲ್‌ಗಳ ಬಗ್ಗೆ ಇಂಥ ಸಲಹೆ ಹೊಸದಲ್ಲ. ಮೊದಲು ಬಾಯಿಂದ ಬಾಯಿಗೆ ಬರುತ್ತಿತ್ತು, ಈಗ ವಿಡಿಯೊ ರೂಪದಲ್ಲಿ ಮೊಬೈಲ್‌ಗೆ ಬರುತ್ತದೆ. ವಿಡಿಯೊ ಬಹುತೇಕ ಅಮೆರಿಕದ್ದು. ಅದರಲ್ಲಿ ಒಬ್ಬಾತ ಮೇಜಿನ ಮೇಲೆ ರೈಫಲ್ ಬಿಚ್ಚಿಟ್ಟು ಐದೇ ನಿಮಿಷದಲ್ಲಿ ಟ್ರಿಗರ್ ಹಗುರ ಮಾಡಿ ತೋರಿಸುತ್ತಾನೆ. ನೋಡಿದವರಿಗೆ ‘ಇಷ್ಟೇನಾ’ ಅನ್ನಿಸುತ್ತದೆ.

ಬೀದರ್, ಭಾಲ್ಕಿ, ಔರಾದ್ ಕಡೆಯ ಕೆಲವು ಮನೆಗಳಲ್ಲಿ ಅಜ್ಜನ ಕಾಲದ ರೈಫಲ್ ಬೀರುವಿನಲ್ಲಿದ್ದರೆ ಈ ಲೇಖನ ಅವರಿಗಾಗಿ. ಮನೆಯಲ್ಲಿ ಬಂದೂಕು ಇಲ್ಲದವರೂ ಓದಬೇಕು. ಏಕೆಂದರೆ ವಿಡಿಯೊ ಫಾರ್ವರ್ಡ್ ಮಾಡುವ ಕೈ ನಿಮ್ಮದಿರಬಹುದು.

ಒಂದೇ ಮಾತಿನಲ್ಲಿ

ಹೇಳಿಕೆ: ಹಳೆಯ ಬೋಲ್ಟ್ ಆ್ಯಕ್ಷನ್ ರೈಫಲ್‌ನ ಟ್ರಿಗರ್ ಅನ್ನು ಮನೆಯಲ್ಲೇ ಅರ ಹಾಕಿ ಸರಿಪಡಿಸಬಹುದು.

ವಾಸ್ತವ: ತಪ್ಪು, ಅಪಾಯಕಾರಿ. ಗುಂಡು ತಾನಾಗಿ ಹಾರದಂತೆ ತಡೆಯುವುದು ಒಳಗಿನ ಒಂದು ಸಣ್ಣ ಉಕ್ಕಿನ ಅಂಚು. ಅರ ಬೀಳುವುದು ಅದೇ ಅಂಚಿನ ಮೇಲೆ. ಲೈಸೆನ್ಸ್ ಇಲ್ಲದವರು ಬಂದೂಕು ರಿಪೇರಿ ಮಾಡುವುದು ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಅಜ್ಜನ ಕಾಲದ ರೈಫಲ್ ಎಂದರೆ ಯಾವುದು?

ಬೀದರ್ ಜಿಲ್ಲೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆಗೆಲ್ಲ ಶಿಕಾರಿಗೆಂದು ರೈಫಲ್ ಇಟ್ಟುಕೊಳ್ಳುವುದು ಜಮೀನುದಾರ ಮನೆಗಳಲ್ಲಿ ಅಪರೂಪವಾಗಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತು. ಲೈಸೆನ್ಸ್ ನವೀಕರಿಸಿಕೊಂಡ ಮನೆಗಳಲ್ಲಿ ರೈಫಲ್ ಮಾತ್ರ ಉಳಿಯಿತು. ‘ಬೇಟೆ ರೈಫಲ್’ ಎಂಬ ಹೆಸರೂ ಉಳಿಯಿತು.

ಭಾರತದಲ್ಲಿ ಇಂಥ ರೈಫಲ್ ಎಂದರೆ ಬಹಳ ಮಂದಿಗೆ ನೆನಪಾಗುವುದು ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯ ಪಾಯಿಂಟ್ 315 ಸ್ಪೋರ್ಟಿಂಗ್ ರೈಫಲ್. ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಕಂಡ ‘ತ್ರೀ ನಾಟ್ ತ್ರೀ’ ನಿಮಗೆ ಗೊತ್ತು. ಅದು ಲೀ ಎನ್‌ಫೀಲ್ಡ್ ಎಂಬ ಬ್ರಿಟಿಷ್ ಮಾದರಿ. ಆ ಬೋರ್ ಸಾರ್ವಜನಿಕರಿಗೆ ನಿಷಿದ್ಧ. ಆದ್ದರಿಂದ ಸಾರ್ವಜನಿಕರಿಗಾಗಿ ಹೆಚ್ಚುಕಡಿಮೆ ಅದೇ ಯಂತ್ರರಚನೆಯ ಮೇಲೆ ಬೇರೆ ಬೋರ್‌ನ ರೈಫಲ್ ಮಾಡಿದರು. ಇವಲ್ಲದೆ ಜರ್ಮನಿಯ ಮೌಸರ್ ಮಾದರಿಯ ಹಳೆಯ ರೈಫಲ್‌ಗಳೂ ಕೆಲವೆಡೆ ಇವೆ.

ಇವೆಲ್ಲ ಬೋಲ್ಟ್ ಆ್ಯಕ್ಷನ್ ಬಂದೂಕುಗಳು. ಅಂದರೆ ಬಾಗಿಲ ಚಿಲಕದಂಥ ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದು, ಮತ್ತೆ ಮುಂದೆ ತಳ್ಳಿ ಕೆಳಗೆ ಮಡಚಿದರೆ ಒಂದು ಕಾಡತೂಸು ಒಳಗೆ ಕೂರುತ್ತದೆ. ಪ್ರತಿ ಗುಂಡಿಗೂ ಇದನ್ನು ಕೈಯಿಂದಲೇ ಮಾಡಬೇಕು.

ಟ್ರಿಗರ್ ಒಳಗೆ ನಿಜವಾಗಿ ಏನು ನಡೆಯುತ್ತದೆ?

ಮರದ ಹಲಗೆಯ ಹಳೆಯ ಇಲಿ ಬೋನನ್ನು ನೆನಪಿಸಿಕೊಳ್ಳಿ. ಬಲವಾದ ಸ್ಪ್ರಿಂಗನ್ನು ಹಿಂದಕ್ಕೆ ಬಾಗಿಸಿ, ಒಂದು ತಂತಿಯ ತುದಿಯನ್ನು ಕೊಕ್ಕೆಗೆ ಸಿಕ್ಕಿಸುತ್ತೇವೆ. ಇಡೀ ಸ್ಪ್ರಿಂಗಿನ ಬಲವನ್ನು ಹಿಡಿದಿಡುವುದು ಆ ಸಣ್ಣ ತುದಿ ಮಾತ್ರ. ತುದಿ ಆಳವಾಗಿ ಸಿಕ್ಕಿದ್ದರೆ ಇಲಿ ಎಳೆದರೂ ಬೋನು ಬೀಳುವುದಿಲ್ಲ. ಅಂಚಿನಲ್ಲಿ ಸಿಕ್ಕಿದ್ದರೆ ಹಲಗೆ ಅಲುಗಿದರೆ ಸಾಕು, ನಮ್ಮ ಬೆರಳಿಗೇ ಬಡಿಯುತ್ತದೆ.

ರೈಫಲ್ ಕೂಡ ಹಾಗೆಯೇ. ಬೋಲ್ಟ್ ಒಳಗೆ ಒಂದು ಫೈರಿಂಗ್ ಪಿನ್, ಅದನ್ನು ಮುಂದಕ್ಕೆ ನೂಕಲು ಒಂದು ಬಲವಾದ ಸ್ಪ್ರಿಂಗ್ ಇರುತ್ತದೆ. ಪಿನ್ನಿನ ಹಿಂಭಾಗವನ್ನು ಹಿಡಿದು ನಿಲ್ಲಿಸುವ ಉಕ್ಕಿನ ತುಂಡಿಗೆ ಸಿಯರ್ ಎಂದು ಹೆಸರು. ಮೇಲೆ ಕೊಕ್ಕೆ ಎಂದದ್ದು ಇದನ್ನೇ. ಟ್ರಿಗರ್ ಒತ್ತಿದಾಗ ಸಿಯರ್ ಕೆಳಗೆ ಜಾರುತ್ತದೆ, ಪಿನ್ ಮುಂದಕ್ಕೆ ಹಾರಿ ಕಾಡತೂಸಿನ ಹಿಂಭಾಗಕ್ಕೆ ಬಡಿಯುತ್ತದೆ. ಟ್ರಿಗರ್ ಮಾಡುವುದು ಹಿಡಿದಿಟ್ಟ ಬಲವನ್ನು ಬಿಡುವ ಕೆಲಸ ಮಾತ್ರ.

ನಾವು ‘ಬಿಗಿ’ ಎನ್ನುವುದು ಬಹುಪಾಲು ಎರಡು ಉಕ್ಕಿನ ಮೈಗಳು ಒತ್ತಿಕೊಂಡು ಜಾರುವಾಗಿನ ಘರ್ಷಣೆ ಮತ್ತು ಟ್ರಿಗರ್ ಸ್ಪ್ರಿಂಗಿನ ಬಲ. ಬೇಟೆ ರೈಫಲ್‌ಗಳಲ್ಲಿ ಟ್ರಿಗರ್ ಎಳೆಯಲು ಸಾಮಾನ್ಯವಾಗಿ 1.5ರಿಂದ 2.5 ಕಿಲೋ ತೂಕದಷ್ಟು ಬಲ ಬೇಕು. ಸೇನೆಗಾಗಿ ಮಾಡಿದ ಲೀ ಎನ್‌ಫೀಲ್ಡ್ ಮಾದರಿಯಲ್ಲಿ ಇದು 2.3ರಿಂದ 3 ಕಿಲೋ ಹತ್ತಿರ ಇರುತ್ತದೆ. ಇಷ್ಟು ಭಾರ ಇಟ್ಟದ್ದು ತಪ್ಪಿನಿಂದಲ್ಲ. ಚಳಿಯಲ್ಲಿ, ಕತ್ತಲಲ್ಲಿ, ಓಡುವಾಗ, ಕೈ ಜಾರಿ ಬಿದ್ದಾಗ ಗುಂಡು ಹಾರಬಾರದು ಎಂದೇ ಹಾಗೆ ಇಟ್ಟಿದ್ದಾರೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಈ ಹಳೆಯ ಟ್ರಿಗರ್‌ಗಳು ಎರಡು ಹಂತದವು. ಮೊದಲ ಎಳೆತ ಸಡಿಲ, ಆಮೇಲೆ ಒಂದು ತಡೆ ಸಿಗುತ್ತದೆ, ಅದನ್ನು ದಾಟಿದರೆ ಗುಂಡು. ಮೊದಲ ಬಾರಿ ಹಿಡಿದವರು ‘ಟ್ರಿಗರ್ ಲೂಸ್ ಆಗಿದೆ’ ಎನ್ನುತ್ತಾರೆ. ಅದು ಲೂಸ್ ಅಲ್ಲ. ಬೋಲ್ಟ್ ಮುಚ್ಚಿದಾಗ ಸಿಯರ್ ಆಳವಾಗಿ ಹಿಡಿದಿರಲಿ, ಗುರಿ ಇಟ್ಟ ಮೇಲೆ ಮಾತ್ರ ಮೊದಲ ಎಳೆತದಿಂದ ಆ ಹಿಡಿತ ಕಡಿಮೆಯಾಗಲಿ ಎಂದೇ ಎರಡು ಹಂತ. ‘ಲೂಸ್ ತೆಗೆಯುತ್ತೇನೆ’ ಎಂದು ಹೊರಟವರು ಈ ರಕ್ಷಣೆಯನ್ನೇ ತೆಗೆದುಹಾಕುತ್ತಾರೆ.

ಅರ ಹಾಕಿದರೆ ಏನಾಗುತ್ತದೆ?

ಮೊದಲನೆಯದು, ಹಿಡಿತ ಕಡಿಮೆಯಾಗುತ್ತದೆ. ಗುಂಡು ಹಾರಲು ಸಿಯರ್ ಜಾರಬೇಕಾದ ಕೊನೆಯ ದೂರ ತೀರ ಸಣ್ಣದು. ಅದರಲ್ಲಿ ಕೂದಲೆಳೆಯಷ್ಟು ಸವೆದರೂ ಟ್ರಿಗರ್ ಬೆಣ್ಣೆಯಂತಾಗುತ್ತದೆ, ನಿಜ. ಆದರೆ ಅದು ಅಂಚಿನಲ್ಲಿ ಸಿಕ್ಕಿಸಿದ ಇಲಿ ಬೋನು. ಬೋಲ್ಟ್ ರಪ್ಪೆಂದು ಮುಚ್ಚಿದಾಗ ಅಥವಾ ರೈಫಲ್ ನೆಲಕ್ಕೆ ಬಡಿದಾಗ ಬೆರಳು ತಾಗದೆಯೇ ಗುಂಡು ಹಾರಬಹುದು.

ಎರಡನೆಯದು ಕೋನ. ಎರಡು ಮೈಗಳು ಒಂದನ್ನೊಂದು ಹಿಡಿಯುವುದು ನಿರ್ದಿಷ್ಟ ಕೋನದಲ್ಲಿ. ಸರಿಯಾದ ಕೋನದಲ್ಲಿ ಸ್ಪ್ರಿಂಗಿನ ಒತ್ತಡವೇ ಸಿಯರನ್ನು ಹಿಡಿತದಲ್ಲಿ ಇಡುತ್ತದೆ. ಕೈ ಅರದಲ್ಲಿ ಕೋನ ಆಚೆಗೆ ವಾಲಿದರೆ ಅದೇ ಒತ್ತಡ ಸಿಯರನ್ನು ಹೊರಕ್ಕೆ ತಳ್ಳುತ್ತದೆ. ಬರಿಗಣ್ಣಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಮೂರನೆಯದು ಬೀದರ್‌ನವರಿಗೆ ಬೇಗ ಅರ್ಥವಾಗುತ್ತದೆ. ಬಿದರಿ ಹೂಜಿಯನ್ನು ನೋಡಿದ್ದೀರಿ. ಒಳಗಿನ ಲೋಹ ಸತು ಮತ್ತು ತಾಮ್ರದ ಮಿಶ್ರಣ, ಅದರ ಬಣ್ಣ ಬೂದು. ಕೋಟೆಯ ಮಣ್ಣು ಬೆರೆಸಿ ಹದ ಮಾಡಿದ ಮೇಲೆ ಬರುವ ಆ ಕಪ್ಪು ಮೇಲ್ಮೈಯದ್ದು ಮಾತ್ರ. ಜೋರಾಗಿ ಉಜ್ಜಿದರೆ ಕಪ್ಪು ಹೋಗಿ ಬೂದು ಲೋಹ ಕಾಣುತ್ತದೆ. ಹಳೆಯ ಬಂದೂಕುಗಳ ಒಳಭಾಗಗಳೂ ಅನೇಕ ಸಲ ಹೀಗೆಯೇ. ಉಕ್ಕಿನ ಮೇಲ್ಪದರಕ್ಕೆ ಮಾತ್ರ ಗಟ್ಟಿತನ ಕೊಟ್ಟಿರುತ್ತಾರೆ, ಒಳಗಿನ ಉಕ್ಕು ಮೆದು. ಪೂರ್ತಿ ಗಟ್ಟಿ ಮಾಡಿದರೆ ಗಾಜಿನಂತೆ ಸೀಳುತ್ತದೆ, ಅದಕ್ಕೇ ಹೀಗೆ. ಆ ತೆಳು ಪದರವನ್ನು ಅರ ತಿಂದುಹಾಕಿದರೆ ಮೆದು ಉಕ್ಕು ಹೊರಬರುತ್ತದೆ. ಅಂದು ಟ್ರಿಗರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆಮೇಲೆ ಪ್ರತಿ ಸಲ ಬೋಲ್ಟ್ ಎಳೆದಾಗಲೂ ಸ್ವಲ್ಪ ಸ್ವಲ್ಪವಾಗಿ ಸವೆಯುತ್ತ ಹೋಗುತ್ತದೆ. ಒಂದು ದಿನ ಹಿಡಿಯುವುದಿಲ್ಲ.

ವಿಡಿಯೊದಲ್ಲಿ ಕಾಣದ್ದು ಈ ‘ಒಂದು ದಿನ’. ಅಲ್ಲಿ ಅರ ಹಾಕಿದ ಐದು ನಿಮಿಷಕ್ಕೆ ಕ್ಯಾಮೆರಾ ಆಫ್ ಆಗುತ್ತದೆ. ನಿಮ್ಮ ಮನೆಯಲ್ಲಿ ರೈಫಲ್ ಇನ್ನೂ ಇಪ್ಪತ್ತು ವರ್ಷ ಇರುತ್ತದೆ.

ಬಿಗಿಗೆ ಕಾರಣ ಸಿಯರ್ ಅಲ್ಲದೇ ಇರಬಹುದು

ವರ್ಷಗಟ್ಟಲೆ ಸುಮ್ಮನೆ ಇದ್ದ ರೈಫಲ್‌ನ ಟ್ರಿಗರ್ ಬಿಗಿಯಾಗಲು ಮೂರು ಸಾಮಾನ್ಯ ಕಾರಣಗಳಿವೆ. ಒಂದಕ್ಕೂ ಅರ ಬೇಕಿಲ್ಲ.

ಮೊದಲನೆಯದು ಒಣಗಿದ ಎಣ್ಣೆ. ಮನೆಯಲ್ಲಿದ್ದ ಎಣ್ಣೆಯನ್ನೇ ಬಂದೂಕಿಗೂ ಬಿಡುವ ರೂಢಿ ಇದೆ. ನಮ್ಮ ಭಾಗದಲ್ಲಿ ಕುಸುಬೆ ಎಣ್ಣೆ, ಅಗಸೆ ಎಣ್ಣೆ ಸುಲಭವಾಗಿ ಸಿಗುತ್ತವೆ. ಇವೆರಡೂ ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಗಟ್ಟಿಯಾಗುವ ಎಣ್ಣೆಗಳು. ಇದೇ ಗುಣಕ್ಕಾಗಿ ಇವನ್ನು ಬಣ್ಣ, ವಾರ್ನಿಷ್ ತಯಾರಿಕೆಯಲ್ಲಿ ಬಳಸುತ್ತಾರೆ. ಅಡುಗೆಮನೆಯ ಎಣ್ಣೆ ಡಬ್ಬಿಯ ಹೊರಗೆ ಕೈಗೆ ಅಂಟುವ ಹಳದಿ ಪದರ ನೋಡಿದ್ದೀರಲ್ಲ, ಅದೇ ಸಿಯರ್ ಮೇಲೂ ಕೂರುತ್ತದೆ. ಕೊಬ್ಬರಿ ಎಣ್ಣೆಯ ತೊಂದರೆ ಬೇರೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೀದರ್‌ನ ಡಿಸೆಂಬರ್ ರಾತ್ರಿ ಹೇಗಿರುತ್ತದೆಂದು ಹೇಳಬೇಕಿಲ್ಲ. ಅಂಟು ಹಿಡಿದ ಟ್ರಿಗರ್ ಬಿಗಿಯಾಗುವುದಷ್ಟೇ ಅಲ್ಲ, ಕೆಲವೊಮ್ಮೆ ಒತ್ತಿ ಬಿಟ್ಟ ಮೇಲೆ ಪೂರ್ತಿ ಹಿಂದಿರುಗುವುದೂ ಇಲ್ಲ. ಅದು ಬಿಗಿಗಿಂತ ದೊಡ್ಡ ಅಪಾಯ.

ಎರಡನೆಯದು ತುಕ್ಕು ಮತ್ತು ಧೂಳು. ಬಟ್ಟೆ ಸುತ್ತಿ ಅಥವಾ ಚರ್ಮದ ಚೀಲದಲ್ಲಿ ಹಾಕಿ ಮಳೆಗಾಲ ಕಳೆದ ರೈಫಲ್ ಒಳಗೆ ತೇವ ನಿಲ್ಲುತ್ತದೆ. ಸಿಯರ್ ಮೈ ಮೇಲೆ ತುಕ್ಕು ಬಂದರೆ ಜಾರುವ ಬದಲು ಕೆರೆಯುತ್ತದೆ.

ಮೂರನೆಯದು ಮರ. ಇದು ಬಹಳ ಮಂದಿಗೆ ಗೊತ್ತಿಲ್ಲ. ಹಳೆಯ ಲೀ ಎನ್‌ಫೀಲ್ಡ್ ಮಾದರಿಯಲ್ಲಿ ಸಿಯರ್ ಇರುವುದು ಮೇಲಿನ ಲೋಹದ ದೇಹದಲ್ಲಿ. ಟ್ರಿಗರ್ ಮಾತ್ರ ಕೆಳಗಿನ ಲೋಹದ ಗಾರ್ಡ್‌ಗೆ ತೂಗಿರುತ್ತದೆ. ಇವೆರಡರ ನಡುವೆ ಇರುವುದು ಮರ. ಮರ ಮಳೆಗಾಲದಲ್ಲಿ ಊದುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮರ ಊದಿ ಕುಗ್ಗಿದಂತೆ ಟ್ರಿಗರ್ ಮತ್ತು ಸಿಯರ್ ನಡುವಿನ ಅಂತರ ಬದಲಾಗಿ, ಎಳೆತವೂ ಬದಲಾಗುತ್ತದೆ. ಬ್ರಿಟಿಷರಿಗೇ ಇದು ತಲೆನೋವಾಗಿತ್ತು. ಎರಡನೇ ಮಹಾಯುದ್ಧದ ನಂತರ ಬಂದ ನಂಬರ್ 4 ಮಾರ್ಕ್ 2 ಮಾದರಿಯಲ್ಲಿ ಅವರು ಟ್ರಿಗರನ್ನು ಗಾರ್ಡ್‌ನಿಂದ ತೆಗೆದು ಮೇಲಿನ ದೇಹಕ್ಕೇ ಜೋಡಿಸಿದರು.

ಈಗ ಯೋಚಿಸಿ. ಶ್ರಾವಣದಲ್ಲಿ ಮರ ಊದಿದ್ದಾಗ ಯಾರೋ ‘ಸರಿಯಾಯಿತು’ ಎನ್ನುವವರೆಗೆ ಸಿಯರ್‌ಗೆ ಅರ ಹಾಕುತ್ತಾರೆ. ಏಪ್ರಿಲ್ ಬಿಸಿಲಿಗೆ ಮರ ಕುಗ್ಗುತ್ತದೆ. ಸಮಸ್ಯೆ ಇದ್ದದ್ದು ಮರದಲ್ಲಿ, ಕತ್ತರಿಸಿದ್ದು ಉಕ್ಕನ್ನು. ಮರ ಮತ್ತೆ ಊದಬಹುದು, ಉಕ್ಕು ಮತ್ತೆ ಬೆಳೆಯುವುದಿಲ್ಲ.

‘ಸ್ಕ್ರೂ ಇದೆಯಲ್ಲ, ತಿರುಗಿಸಿದರೆ ಆಯಿತು’

ಇನ್ನೂ ಕೆಲವು ವಿಡಿಯೊಗಳಲ್ಲಿ ಸಣ್ಣ ಸ್ಕ್ರೂ ತಿರುಗಿಸಿ ಟ್ರಿಗರ್ ಹಗುರ ಮಾಡುತ್ತಾರೆ. ಅವು ನಂತರದ ಕಾಲದ ಬೇಟೆ ರೈಫಲ್‌ಗಳು. ಒಂದು ಸ್ಕ್ರೂ ಸ್ಪ್ರಿಂಗಿನ ಬಲಕ್ಕೆ, ಒಂದು ಸಿಯರ್ ಹಿಡಿತಕ್ಕೆ, ಇನ್ನೊಂದು ಗುಂಡು ಹಾರಿದ ಮೇಲೆ ಟ್ರಿಗರ್ ಎಷ್ಟು ಹಿಂದೆ ಹೋಗಬೇಕೆಂಬುದಕ್ಕೆ ಇರುತ್ತದೆ. ಹಳೆಯ ಲೀ ಎನ್‌ಫೀಲ್ಡ್ ಅಥವಾ ಸೇನಾ ಮೌಸರ್ ಟ್ರಿಗರ್‌ನಲ್ಲಿ ಇಂಥ ಸ್ಕ್ರೂಗಳಿಲ್ಲ. ಅಲ್ಲಿ ಕಾಣುವ ಸ್ಕ್ರೂಗಳು ಬಂದೂಕನ್ನು ಒಟ್ಟಿಗೆ ಹಿಡಿದಿಡುವವು.

ಸ್ಕ್ರೂ ಇರುವ ಟ್ರಿಗರ್ ಕೂಡ ಆಟಿಕೆಯಲ್ಲ. ಅಮೆರಿಕದ ರೆಮಿಂಗ್ಟನ್ ಕಂಪನಿ 2014ರ ಏಪ್ರಿಲ್‌ನಲ್ಲಿ ತನ್ನ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ಬೋಲ್ಟ್ ಆ್ಯಕ್ಷನ್ ರೈಫಲ್‌ಗಳನ್ನು ವಾಪಸ್ ಕರೆಯಿತು. 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದ, ಎಕ್ಸ್‌ಮಾರ್ಕ್ ಪ್ರೊ ಟ್ರಿಗರ್ ಇದ್ದ ರೈಫಲ್‌ಗಳವು. ಕಾರಣ, ಜೋಡಿಸುವಾಗ ಹಾಕಿದ ಅಂಟು ಕೆಲವುಗಳಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿತ್ತು. ಅದರಿಂದ ಕೆಲವು ಸಂದರ್ಭಗಳಲ್ಲಿ ಟ್ರಿಗರ್ ಮುಟ್ಟದೆಯೇ ಗುಂಡು ಹಾರುವ ಸಾಧ್ಯತೆ ಇತ್ತು. ಕಾರ್ಖಾನೆಯಲ್ಲಿ, ಅಳತೆಯ ಉಪಕರಣಗಳ ನಡುವೆ, ಒಂದಿಷ್ಟು ಅಂಟು ಹೆಚ್ಚಾದದ್ದಕ್ಕೇ ಈ ಪರಿಣಾಮ. ಮನೆಯ ಅಂಗಳದಲ್ಲಿ ಅರ ಹಿಡಿದರೆ?

‘ಸೇಫ್ಟಿ ಹಾಕಿದ್ದರೆ ಏನೂ ಆಗುವುದಿಲ್ಲ’

ಸೇಫ್ಟಿ ಕೂಡ ಲೋಹದ ತುಂಡೇ. ಅದೂ ಸವೆಯುತ್ತದೆ. ಕೆಲವು ವಿನ್ಯಾಸಗಳಲ್ಲಿ ಟ್ರಿಗರ್ ಭಾಗಗಳು ತಮ್ಮ ಜಾಗಕ್ಕೆ ಹಿಂದಿರುಗದೇ ಇದ್ದರೆ, ಸೇಫ್ಟಿ ಹಾಕಿರುವವರೆಗೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಸೇಫ್ಟಿ ತೆಗೆದ ಕ್ಷಣವೇ ಗುಂಡು ಹಾರುತ್ತದೆ. ಸೇಫ್ಟಿಯನ್ನು ಹೆಚ್ಚುವರಿ ರಕ್ಷಣೆ ಎಂದು ತಿಳಿಯಬೇಕು. ಕೆಟ್ಟ ಟ್ರಿಗರ್‌ಗೆ ಅದು ಪರಿಹಾರವಲ್ಲ.

ರೈಫಲ್ ಗುಂಡು ಒಂದು ಕಿಲೋಮೀಟರ್‌ಗೂ ಆಚೆ ಹೋಗಿ ಜೀವ ತೆಗೆಯಬಲ್ಲದು ಎಂಬುದನ್ನೂ ಮರೆಯಬಾರದು. ಔರಾದ್ ಕಡೆಯ ಬಯಲು ಹೊಲಗಳಲ್ಲಿ ಅದನ್ನು ತಡೆಯಲು ಅಡ್ಡ ಏನೂ ಇರುವುದಿಲ್ಲ. ಮನೆಯೊಳಗಾದರೆ ಪಕ್ಕದ ಕೋಣೆಯಲ್ಲಿ ಮಕ್ಕಳಿರುತ್ತಾರೆ.

ಹಗುರ ಟ್ರಿಗರ್ ಇದ್ದರೆ ಗುರಿ ಚೆನ್ನಾಗಿ ತಾಗುತ್ತದೆಯೇ?

ಇದರಲ್ಲಿ ಅರ್ಧ ಸತ್ಯ ಇದೆ. ಟ್ರಿಗರ್ ತೀರ ಭಾರವಿದ್ದರೆ ಎಳೆಯುವಾಗ ರೈಫಲ್ ಅಲುಗಿ ಗುರಿ ತಪ್ಪಬಹುದು. ಸ್ಪರ್ಧೆಯ ಶೂಟರ್‌ಗಳು ಹಗುರ ಟ್ರಿಗರ್ ಬಳಸುವುದು ಇದಕ್ಕೇ. ಆದರೆ ಅವರು ರೇಂಜ್‌ನಲ್ಲಿ, ನಿಗಾದಲ್ಲಿ, ಅದಕ್ಕೆಂದೇ ಮಾಡಿದ ಬಂದೂಕು ಬಳಸುತ್ತಾರೆ. ಗುಂಡು ಹಾರಿಸುವ ಕ್ಷಣದವರೆಗೆ ಲೋಡ್ ಮಾಡುವುದಿಲ್ಲ. ಹಳೆಯ ರೈಫಲ್‌ನ ನಳಿಗೆ ಸವೆದಿದ್ದರೆ, ಮರ ಸಡಿಲವಾಗಿದ್ದರೆ ಟ್ರಿಗರ್ ಎಷ್ಟೇ ಹಗುರವಾದರೂ ಗುರಿ ಸುಧಾರಿಸುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಅಮೆರಿಕದ ವಿಡಿಯೊ ಇಲ್ಲಿಗೆ ಹೊಂದದಿರಲು ಇದು ಎರಡನೇ ಕಾರಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಬಂದೂಕು ತಯಾರಿಕೆ, ಮಾರಾಟದ ಜೊತೆಯಲ್ಲೇ ರಿಪೇರಿಯನ್ನೂ ಹೆಸರಿಸುತ್ತದೆ. ಈ ಕೆಲಸಗಳಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ನಿಮ್ಮ ಬಳಿ ಇರುವುದು ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್, ರಿಪೇರಿ ಲೈಸೆನ್ಸ್ ಅಲ್ಲ. ಹೊರಗಿನಿಂದ ಒರೆಸಿ ಶುಚಿಯಾಗಿ ಇಟ್ಟುಕೊಳ್ಳುವುದು ಒಂದು, ಒಳಭಾಗವನ್ನು ಅರೆದು ಬದಲಿಸುವುದು ಇನ್ನೊಂದು.

2019ರ ತಿದ್ದುಪಡಿಯ ನಂತರ 5ನೇ ಸೆಕ್ಷನ್ ಉಲ್ಲಂಘಿಸಿದವರಿಗೆ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ, ಜೊತೆಗೆ ದಂಡ. ಊರಿನ ಕಮ್ಮಾರರ ಬಳಿಗೋ ಲೇತ್ ಅಂಗಡಿಗೋ ಹೋಗಿ ‘ಕಾಕಾ, ಇದಕ್ಕೆ ಸ್ವಲ್ಪ ಅರ ಹಾಕಿಕೊಡ್ರಿ’ ಎಂದು ಕೇಳುವವರು ಇದನ್ನು ತಿಳಿದಿರಬೇಕು. ನೂರಿನ್ನೂರು ರೂಪಾಯಿ ಕೂಲಿಗೆ ನೀವು ಆ ಮನುಷ್ಯನ ಏಳು ವರ್ಷವನ್ನು ಪಣಕ್ಕಿಡುತ್ತಿದ್ದೀರಿ. ಕುಡುಗೋಲು, ಕುಂಟೆ ಮಾಡುವಲ್ಲಿ ಅವರ ಕೈ ಪಳಗಿದ್ದೇ ಇರಬಹುದು. ಕಾನೂನು ಕೇಳುವುದು ಲೈಸೆನ್ಸ್.

ಗುಂಡು ಹಾರಿ ಯಾರಿಗೂ ಪೆಟ್ಟಾಗದಿದ್ದರೂ ಪಾರಾದೆವು ಎನ್ನುವಂತಿಲ್ಲ. ಅಜಾಗರೂಕತೆಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮದುವೆ, ಮೆರವಣಿಗೆಗಳಲ್ಲಿ ಖುಷಿಗೆ ಗುಂಡು ಹಾರಿಸುವವರಿಗೂ ಇದೇ ನಿಯಮ.

ರಿಪೇರಿಗೆ ಹೈದರಾಬಾದ್‌ಗೆ ಒಯ್ಯಬಹುದೇ?

ಆಸ್ಪತ್ರೆಗೆ, ಮದುವೆ ಜವಳಿಗೆ, ಟ್ರ್ಯಾಕ್ಟರ್ ಸ್ಪೇರ್‌ಗೆ ನಾವು ಹೈದರಾಬಾದ್‌ಗೆ ಹೋಗುತ್ತೇವೆ. ಔರಾದ್‌ನವರಿಗೆ ದೇಗಲೂರು, ಭಾಲ್ಕಿಯವರಿಗೆ ಉದಗೀರ್ ಹತ್ತಿರ. ಬಂದೂಕಿನ ವಿಷಯ ಹಾಗಲ್ಲ. ನಿಮ್ಮ ಲೈಸೆನ್ಸ್‌ನಲ್ಲಿ ಅದು ಎಲ್ಲಿಯವರೆಗೆ ಊರ್ಜಿತ ಎಂದು ಬರೆದಿರುತ್ತದೆ. ಕರ್ನಾಟಕಕ್ಕೆ ಮಾತ್ರ ಎಂದಿದ್ದರೆ ತೆಲಂಗಾಣ ಅಥವಾ ಮಹಾರಾಷ್ಟ್ರದ ಗಡಿ ದಾಟುವಂತಿಲ್ಲ. ಹೊರಡುವ ಮುನ್ನ ಆ ಸಾಲನ್ನು ಓದಿ. ಅನುಮಾನವಿದ್ದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ.

ಲೈಸೆನ್ಸ್ ಇದ್ದ ಅಜ್ಜ ತೀರಿಕೊಂಡಿದ್ದರೆ?

ಹಾಗಿದ್ದರೆ ಟ್ರಿಗರ್ ವಿಷಯ ಆಮೇಲೆ. ಲೈಸೆನ್ಸ್ ವ್ಯಕ್ತಿಯ ಹೆಸರಿನಲ್ಲಿರುತ್ತದೆ, ಮನೆಯ ಹೆಸರಿನಲ್ಲಲ್ಲ. ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ ಬಂದೂಕನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಪಡೆದ ಡೀಲರ್ ಬಳಿ ಠೇವಣಿ ಇಡಬೇಕು. ಕಾಯ್ದೆಯ 21ನೇ ಸೆಕ್ಷನ್ ಇದನ್ನು ಹೇಳುತ್ತದೆ.

ಠೇವಣಿ ಇಟ್ಟರೆ ಬಂದೂಕು ಕೈತಪ್ಪಿತು ಎಂದಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ವಾರಸುದಾರರು ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ಲೈಸೆನ್ಸ್‌ದಾರರು ಬದುಕಿರುವಾಗಲೂ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಬಂದೂಕು 25 ವರ್ಷ ಅವರ ಬಳಿ ಇದ್ದರೆ, ತಾವು ಹೆಸರಿಸಿದ ವಾರಸುದಾರರಿಗೆ ವರ್ಗಾಯಿಸಲು ಅವಕಾಶವಿದೆ. ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ ಎಂಬುದು 2019ರಿಂದ ಬಂದ ಮಿತಿ.

‘ಹೊಲಕ್ಕೆ ಚಿಗರಿ, ಹಂದಿ ಬರುತ್ತವೆ. ಅದಕ್ಕೇ ರಿಪೇರಿ’

ತೊಗರಿ, ಸೋಯಾ, ಹೆಸರು ಬೆಳೆಗೆ ಚಿಗರಿ ಹಿಂಡು ನುಗ್ಗಿದಾಗಿನ ಸಂಕಟ ಸಣ್ಣದಲ್ಲ. ಆದರೆ ಬಂದೂಕು ಲೈಸೆನ್ಸ್ ಎಂದರೆ ಬೇಟೆಗೆ ಅನುಮತಿ ಅಲ್ಲ. ಚಿಗರಿ, ಅಂದರೆ ಕೃಷ್ಣಮೃಗ, ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿದೆ. ಅದನ್ನು ಕೊಂದರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು, ಜೊತೆಗೆ ಕನಿಷ್ಠ 25 ಸಾವಿರ ರೂಪಾಯಿ ದಂಡ. ಕಾಡುಹಂದಿ ಎರಡನೇ ಷೆಡ್ಯೂಲ್‌ನಲ್ಲಿದೆ. ಬೆಳೆಗೆ ಅಪಾಯವಾದಾಗಲೂ ಅದನ್ನು ಕೊಲ್ಲಲು ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಅನುಮತಿ ಮೊದಲೇ ಬೇಕು. ಬೆಳೆ ಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕುವ ದಾರಿ ಇದೆ. ಹಾನಿಯಾದ ದಿನವೇ ಫೋಟೊ ತೆಗೆದು ತಿಳಿಸಿ.

ಹಾಗಾದರೆ ಏನು ಮಾಡಬೇಕು?

1. ಮೊದಲು ಖಾಲಿ ಮಾಡಿ. ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ, ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ತೆರೆಯಿರಿ. ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ಕಾಡತೂಸುಗಳು ಬೇರೆ ಕೋಣೆಯಲ್ಲಿ, ಬೀಗದೊಳಗೆ ಇರಲಿ.

2. ಖಾಲಿ ರೈಫಲ್‌ನಲ್ಲಿ ಲಕ್ಷಣ ನೋಡಿ. ಬೋಲ್ಟ್ ಮುಚ್ಚುತ್ತಿದ್ದಂತೆ ತಾನಾಗಿ ‘ಟಕ್’ ಎಂದು ಬಿಡುತ್ತದೆಯೇ? ಸೇಫ್ಟಿ ಹಾಕಿ ಟ್ರಿಗರ್ ಒತ್ತಿ ಬಿಟ್ಟು, ಆಮೇಲೆ ಸೇಫ್ಟಿ ತೆಗೆದಾಗ ‘ಟಕ್’ ಎನ್ನುತ್ತದೆಯೇ? ಟ್ರಿಗರ್ ಒತ್ತಿ ಬಿಟ್ಟ ಮೇಲೆ ಹಿಂದಿರುಗಲು ತಡಮಾಡುತ್ತದೆಯೇ? ಎಳೆತ ಒಂದೊಂದು ಸಲ ಒಂದೊಂದು ಥರ ಇದೆಯೇ? ಒಂದಕ್ಕೆ ‘ಹೌದು’ ಎಂದರೂ ಆ ರೈಫಲ್‌ಗೆ ಮತ್ತೆ ಕಾಡತೂಸು ಹಾಕಬೇಡಿ. ಎಲ್ಲಕ್ಕೂ ‘ಇಲ್ಲ’ ಬಂದರೆ ಅದು ಸುರಕ್ಷತೆಯ ಸರ್ಟಿಫಿಕೇಟ್ ಎಂದು ತಿಳಿಯಬೇಡಿ.

3. ಬಿಚ್ಚಬೇಡಿ, ಎಣ್ಣೆ ಸುರಿಯಬೇಡಿ. ಒಳಗೆ ಸುರಿದ ಎಣ್ಣೆ ಹಳೆಯ ಅಂಟನ್ನು ಕರಗಿಸಿ ಸಿಯರ್ ಮೇಲೆಯೇ ತಂದು ಕೂರಿಸಬಹುದು.

4. ರಿಪೇರಿ ಲೈಸೆನ್ಸ್ ಇರುವವರ ಬಳಿ ಒಯ್ಯಿರಿ. ಮೂಲ ಲೈಸೆನ್ಸ್ ಜೊತೆಗಿರಲಿ. ರೈಫಲ್ ಖಾಲಿ ಇರಲಿ, ಚೀಲದೊಳಗಿರಲಿ. ಅವರ ಲೈಸೆನ್ಸ್ ತೋರಿಸಲು ಕೇಳುವುದು ಅವಮಾನವಲ್ಲ. ಬಂದೂಕು ಬಿಟ್ಟು ಬರುವುದಿದ್ದರೆ ಅದರ ನಂಬರ್ ಬರೆದ ರಸೀದಿ ಪಡೆಯಿರಿ.

5. ಅವರಿಗೆ ಸರಿಯಾದ ಪ್ರಶ್ನೆ ಕೇಳಿ. ‘ಹಗುರ ಮಾಡಿಕೊಡಿ’ ಎನ್ನಬೇಡಿ. ‘ಯಾಕೆ ಬಿಗಿಯಾಗಿದೆ ನೋಡಿ’ ಎನ್ನಿ. ಮೊದಲು ಶುಚಿ ಮಾಡಲಿ, ಮರ ಮತ್ತು ಸ್ಕ್ರೂ ನೋಡಲಿ. ಸಿಯರ್ ಸವೆದಿದ್ದರೆ ಅರೆಯುವ ಬದಲು ಹೊಸ ಭಾಗ ಹಾಕಲಿ. ಕೊನೆಗೆ ಎಳೆತವನ್ನು ತಕ್ಕಡಿಯಲ್ಲಿ ಅಳೆದು ತೋರಿಸಲಿ, ಖಾಲಿ ರೈಫಲ್‌ನ ಮೈಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ ಸಿಯರ್ ಜಾರುವುದಿಲ್ಲ ಎಂದು ಖಚಿತಪಡಿಸಲಿ.

6. ರಿಪೇರಿಗೆ ಬಾರದಿದ್ದರೆ ಬಿಟ್ಟುಬಿಡಿ. ಬಳಸದ ರೈಫಲ್ ಅನ್ನು ಠಾಣೆಗೆ ಒಪ್ಪಿಸುವ ದಾರಿ ಯಾವಾಗಲೂ ಇದೆ. ಅಜ್ಜನ ನೆನಪಿಗೆ ಮನೆಯಲ್ಲಿ ಅವರ ಫೋಟೊ ಇರುತ್ತದೆ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

‘ಹಳೆ ರೈಫಲ್‌ನ ಟ್ರಿಗರ್‌ಗೆ ಮನೆಯಲ್ಲಿ ಅರ ಹಾಕಬೇಡಿ. ಬಿಗಿಗೆ ಕಾರಣ ಒಣಗಿದ ಎಣ್ಣೆ, ತುಕ್ಕು ಅಥವಾ ಊದಿದ ಮರ ಇರಬಹುದು. ಅರ ಹಾಕಿದ ರೈಫಲ್ ಮುಟ್ಟದೆಯೇ ಹಾರಬಹುದು. ಲೈಸೆನ್ಸ್ ಇಲ್ಲದೆ ರಿಪೇರಿ ಮಾಡಿದರೆ ಕನಿಷ್ಠ 7 ವರ್ಷ ಜೈಲು. ಖಾಲಿ ಮಾಡಿ, ಬೀಗ ಹಾಕಿ, ಲೈಸೆನ್ಸ್ ಇರುವವರಿಗೆ ತೋರಿಸಿ.’

ಮುಂದಿನ ಸಲ ಅಂಥ ವಿಡಿಯೊ ಗ್ರೂಪ್‌ನಲ್ಲಿ ಬಂದಾಗ ಅದರ ಕೆಳಗೆ ಇಷ್ಟನ್ನು ಹಾಕಿ. ಗ್ರೂಪ್‌ನಲ್ಲಿ ಯಾರ ಮನೆಯ ಬೀರುವಿನಲ್ಲಿ ರೈಫಲ್ ಇದೆಯೋ ನಿಮಗೆ ಗೊತ್ತಿರುವುದಿಲ್ಲ.